ಆಡು ಹೊರೆ ಹೊರುತ್ತೆ ನಿಜ, ಆದರೆ ಕುಮಾರ ಪರ್ವತಕ್ಕೆ ಬೇಡ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ನೀವು ಹಾಕಿದ್ದ ಫೋಟೊ ನೋಡಿದೆ. ಬೆನ್ನ ಮೇಲೆ ಚೀಲ ಹೊತ್ತ ಮೂರು ಆಡು, ಹಿಂದೆ ಒಂದು ನಾಯಿ, ಮುಂದೆ ಟೋಪಿ ಹಾಕಿದ ಹೆಂಗಸು. ಕೆಳಗೆ ‘ಅಮೆರಿಕನ್ನರ ಹೊಸ ಶೋಕಿ: ಕುರಿಗಳ ಜೊತೆ ಟ್ರೆಕ್ಕಿಂಗ್’ ಅಂತ ಒಂದು ಸಾಲು. ಅಷ್ಟೇ. ಮಾರನೇ ದಿನ ಬೆಂಗಳೂರಿನಿಂದ ನನ್ನ ಅಕ್ಕನ ಮಗ ಅದನ್ನೇ ವಾಟ್ಸಾಪ್ ಮಾಡಿದ. ‘ಮಾಮ, ಮುಂದಿನ ಸಲ ನೀನು ಬಂದಾಗ ನಾವೂ ನಾಲ್ಕು ಆಡು ತಗೊಂಡು ಕುಮಾರ ಪರ್ವತ ಹತ್ತೋಣ್ವಾ? ಬ್ರೂನೋನೂ ಬರ್ತಾನೆ’ ಅಂದ. ಬ್ರೂನೋ ಅಂದರೆ ಅವನ ಲ್ಯಾಬ್ರಡಾರ್. ಅದಕ್ಕೇ ಈ ಪತ್ರ.

ನಾನು ಹಿರಿಯೂರು ಕಡೆಯವನು. ತಾತ ಕುರಿ, ಆಡು ಎರಡನ್ನೂ ಸಾಕಿದ್ದರು. ಈಗ ಹದಿಮೂರು ವರ್ಷದಿಂದ ಅಮೆರಿಕದ ಓರೆಗಾನ್‌ನಲ್ಲಿದ್ದೇನೆ. ಮಂಡಿ ಸವೆದು, ಬ್ಯಾಗ್ ಹೊತ್ತು ಬೆಟ್ಟ ಹತ್ತೋದು ನಿಂತೇ ಹೋಗಿತ್ತು. ಎರಡು ವರ್ಷದ ಹಿಂದೆ ಆಫೀಸಿನ ಗೆಳತಿಯೊಬ್ಬರು, ಮನೆಯಲ್ಲಿ ಆರು ಆಡು ಸಾಕಿರುವವರು, ‘ನೀವು ಕೈಬೀಸಿಕೊಂಡು ಬನ್ನಿ, ಸಾಮಾನು ನನ್ನ ಹುಡುಗರು ಹೊರ್ತಾರೆ’ ಅಂದರು. ಹಾಗೆ ಕ್ಯಾಸ್ಕೇಡ್ ಬೆಟ್ಟಸಾಲಿನ ಥ್ರೀ ಸಿಸ್ಟರ್ಸ್ ಕಾಡಿನಲ್ಲಿ ನಾಲ್ಕು ದಿನ ನಡೆದೆವು. ನಾವು ಮೂವರು, ನಾಲ್ಕು ಆಡು, ಒಂದು ನಾಯಿ.

ಮೊದಲು ಈ ‘ಹೊಸ ಶೋಕಿ’ ವಿಷಯ. ಆ ಥರ ಇದ್ದ ಹಾಗೇ ಕಾಪಾಡಬೇಕು ಅಂತ ಬಿಟ್ಟ ಕಾಡುಗಳಿಗೆ (ಅಲ್ಲಿ ‘ವೈಲ್ಡರ್‌ನೆಸ್’ ಅನ್ನುತ್ತಾರೆ) 1964ರಲ್ಲೇ ಒಂದು ಕಾನೂನು ಬಂದಿದೆ. ಮೋಟಾರು ಗಾಡಿ ಹೋಗಲಿ, ಸೈಕಲ್ಲೂ ಒಳಗೆ ಹೋಗುವಂತಿಲ್ಲ. ಸಾಮಾನು ಹೋಗಬೇಕಾದರೆ ನಿಮ್ಮ ಬೆನ್ನ ಮೇಲೆ, ಇಲ್ಲಾ ಪ್ರಾಣಿಯ ಬೆನ್ನ ಮೇಲೆ. ಕುದುರೆ, ಹೇಸರಗತ್ತೆ ಮೊದಲಿಂದ ಇದ್ದವು. ಆಡು ಅಲ್ಲಿ ರೂಢಿಗೆ ಬಂದದ್ದು 1970ರ ದಶಕದಲ್ಲಿ, ವಯೋಮಿಂಗ್‌ನಲ್ಲಿ ಜಾನ್ ಮಿಯೋನ್‌ಚಿನ್ಸ್ಕಿ ಅನ್ನುವವರು ಕಾಡುಕುರಿಗಳ ಅಧ್ಯಯನಕ್ಕೆ ಬೇಕಾದ ಸಲಕರಣೆಗಳನ್ನು ಆಡಿನ ಮೇಲೆ ಹೇರಿಕೊಂಡು ಹೋಗಲು ಶುರು ಮಾಡಿದ ಮೇಲೆ. ಈ ಕಾಡುಕುರಿಗಳ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

ನಮ್ಮ ದೇಶಕ್ಕಂತೂ ಇದು ಹಳೇ ಕಥೆ. ಉತ್ತರಾಖಂಡದ ಭೋಟಿಯಾ ಜನ ಕುರಿ, ಆಡುಗಳ ಬೆನ್ನಿಗೆ ಪುಟ್ಟ ಪುಟ್ಟ ಚೀಲ ಕಟ್ಟಿ ಕಣಿವೆ ದಾಟಿಸಿ ಟಿಬೆಟ್‌ಗೆ ಧಾನ್ಯ ಒಯ್ಯುತ್ತಿದ್ದರು, ಅಲ್ಲಿಂದ ಉಪ್ಪು, ಉಣ್ಣೆ ತರುತ್ತಿದ್ದರು. 1962ರ ಯುದ್ಧ ಆದ ಮೇಲೆ ಆ ದಾರಿ ಮುಚ್ಚಿತು. ನಮ್ಮ ಕಡೆ ಲಂಬಾಣಿಗರ ಹೇರೆತ್ತುಗಳು ಇದ್ದವಲ್ಲ, ಅದೇ ಕೆಲಸ, ಪ್ರಾಣಿ ಬೇರೆ ಅಷ್ಟೆ.

ಇನ್ನು ಹೊರೆ. ಹೊರುವುದು ಬೀಜ ಒಡೆಸಿದ ಹೋತಗಳು. ಆಲ್ಪೈನ್, ಸಾನೆನ್ ಥರದ ದೊಡ್ಡ ತಳಿ. ಒಂದೊಂದೂ ತೊಂಬತ್ತು ಕೆ.ಜಿ. ಮೇಲೆ ತೂಗುತ್ತೆ, ನಮ್ಮೂರಿನ ಆಡು ನೋಡಿದವರಿಗೆ ಇವು ಕರುವಿನ ಹಾಗೆ ಕಾಣುತ್ತವೆ. ಮೈತೂಕದ ಕಾಲು ಭಾಗಕ್ಕಿಂತ ಜಾಸ್ತಿ ಹೇರುವಂತಿಲ್ಲ, ಅದೂ ಮೂರ್ನಾಲ್ಕು ವರ್ಷ ತುಂಬಿ ಮೂಳೆ ಬಲಿತ ಮೇಲೆ. ಬೆನ್ನಿಗೆ ಮರದ ಸಣ್ಣ ಜೀನು, ಅದರ ಎರಡು ಕಡೆ ಒಂದೊಂದು ಚೀಲ. ನಮ್ಮ ಹಸುಬೆ ಇದ್ದ ಹಾಗೇ. ಗೆಳತಿ ಪ್ರತಿದಿನ ಬೆಳಿಗ್ಗೆ ಕೈತಕ್ಕಡಿಗೆ ಎರಡೂ ಚೀಲ ನೇತುಹಾಕಿ ತೂಗುತ್ತಿದ್ದರು. ಒಂದು ದಿನ ಎಡಗಡೆ ಅರ್ಧ ಕೆ.ಜಿ. ಜಾಸ್ತಿ ಬಂತು. ನಾನು ‘ಹೋಗ್ಲಿ ಬಿಡಿ’ ಅಂದೆ. ಅವರು ಸುಮ್ಮನೆ ನನ್ನ ಅಕ್ಕಿ ಡಬ್ಬಿ ತೆಗೆದು ಬಲಗಡೆಗೆ ಹಾಕಿದರು. ಒಂದು ಕಡೆ ಭಾರ ಆದರೆ ಜೀನು ವಾಲುತ್ತೆ, ಇಡೀ ದಿನ ಅದೇ ಜಾಗ ಉಜ್ಜಿ ಸಂಜೆಗೆ ಚರ್ಮ ಸುಲಿದಿರುತ್ತೆ. ಅರ್ಧ ಕೆ.ಜಿ.ಗೆ!

ಹಗ್ಗ ಹಿಡಿದು ಎಳೆಯುವ ಕೆಲಸ ಕಮ್ಮಿ. ಮರಿಯಲ್ಲಿ ಬಾಟಲಿ ಹಾಲು ಕುಡಿಸಿ ಬೆಳೆಸಿದರೆ ಮನುಷ್ಯರನ್ನೇ ಮಂದೆ ಅಂದುಕೊಂಡು ಹಿಂದೆ ಬರುತ್ತವೆ. ನಾನು ಮೂತ್ರಕ್ಕೆ ಅಂತ ಪೊದೆ ಮರೆಗೆ ಹೋದರೆ ನಾಲ್ಕೂ ಹಿಂದೇ ಬಂದು ನಿಂತವು. ಹಳ್ಳ ಬಂದರೆ ಮಾತ್ರ ಮುಷ್ಕರ, ಕಾಲು ಒದ್ದೆ ಆಗಬಾರದು ಅವಕ್ಕೆ. ನಮ್ಮ ಪರ್ಮಿಟ್ ಚೀಟಿಯನ್ನು ಚೀಲಕ್ಕೆ ಕಟ್ಟಿದ್ದೆವು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಹಿಂದಿದ್ದ ಹೋತ ಅದರ ಅರ್ಧ ತಿಂದು ಮುಗಿಸಿತ್ತು. ಕಾವಲಿನವರು ಸಿಕ್ಕಿದ್ದರೆ ಏನು ಹೇಳುತ್ತಿದ್ದೆವೋ ದೇವರೇ ಬಲ್ಲ.

ಆಡು ಮುಟ್ಟದ ಸೊಪ್ಪಿಲ್ಲ ಅಂತೀವಿ, ಅಲ್ವಾ? ತೊಂದರೆ ಇರುವುದೇ ಅಲ್ಲಿ. ಪಶ್ಚಿಮದ ಇಳಿಜಾರಿನಲ್ಲಿ ದಾರಿಯ ಎರಡೂ ಕಡೆ ರೋಡೋಡೆಂಡ್ರಾನ್ ಗಿಡ, ಚೆಂದದ ಗುಲಾಬಿ ಹೂವು. ಅದರ ಎಲೆ ಆಡಿಗೆ ವಿಷ. ಅಲ್ಲಿ ಗೆಳತಿ ಮಾತು ನಿಲ್ಲಿಸಿ ಬಿರಬಿರನೆ ನಡೆದರು, ನನ್ನ ಕೈಗೆ ಒಂದು ಕಡ್ಡಿ ಕೊಟ್ಟು ಹಿಂದೆ ನಿಲ್ಲಿಸಿದರು. ಐವತ್ತೆರಡನೇ ವಯಸ್ಸಿನಲ್ಲಿ ಮತ್ತೆ ಆಡು ಕಾಯೋ ಹುಡುಗ ಆದೆ.

ನಾಯಿ ಬಗ್ಗೆ ಒಂದು ಮಾತು, ಯಾಕೆಂದರೆ ಫೋಟೊದಲ್ಲಿ ನಾಯಿಯೇ ಎಲ್ಲರಿಗೂ ಮುದ್ದಾಗಿ ಕಂಡಿರುತ್ತೆ. ಗೆಳತಿಯ ನಾಯಿ ಮರಿಯಿದ್ದಾಗಿನಿಂದ ಆಡಿನ ಹಟ್ಟಿಯಲ್ಲೇ ಮಲಗಿ ಬೆಳೆದದ್ದು. ಹಗಲು ಹಗ್ಗದಲ್ಲಿ ಎಲ್ಲರಿಗಿಂತ ಹಿಂದೆ ನಡೆಯುತ್ತಿತ್ತು. ಎರಡನೇ ರಾತ್ರಿ ಕಯೋಟಿಗಳು, ಅಂದರೆ ಅಲ್ಲಿನ ಸಣ್ಣ ತೋಳದಂಥ ಪ್ರಾಣಿಗಳು, ಕೂಗಿದವು. ಮೆಲುಕು ಹಾಕುತ್ತಿದ್ದ ನಾಲ್ಕೂ ಒಂದೇ ಸಲ ಎದ್ದು ನಿಂತವು, ಮೆಲುಕಿನ ಸದ್ದು ನಿಂತದ್ದಕ್ಕೇ ನನಗೆ ಎಚ್ಚರ ಆಯಿತು. ನಾಯಿ ಏಳಲೂ ಇಲ್ಲ, ಗಂಟಲಲ್ಲೇ ಒಂದು ಗುರ್ ಅಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಮೆಲುಕು ಶುರು. ಮಾರನೇ ದಿನ ಎದುರಿನಿಂದ ಯಾರದೋ ಬಿಟ್ಟ ನಾಯಿ ಓಡಿಬಂತು. ‘ಅದು ಏನೂ ಮಾಡಲ್ಲ’ ಅಂತ ಯಜಮಾನ ದೂರದಿಂದ ಕೂಗುತ್ತಿದ್ದ. ಅಷ್ಟರಲ್ಲಿ ಒಂದು ಆಡು ಹೊರೆ ಸಮೇತ ಇಳಿಜಾರಿಗೆ ಹಾರಿತ್ತು. ಮುಂಗಾಲು ಉಳುಕಿ, ಅದರ ಹೊರೆ ಉಳಿದ ದಾರಿಗೆ ನಮ್ಮ ಪಾಲಾಯಿತು. ಬ್ರೂನೋನ ನೆನಪಾಗಿದ್ದು ಈಗ ಅದಕ್ಕೇ.

ಈಗ ಆ ಕಾಡುಕುರಿಗಳ ವಿಷಯ. ಅಮೆರಿಕದ ಬೆಟ್ಟಗಳಲ್ಲಿ ಬಿಗ್‌ಹಾರ್ನ್ ಅಂತ ಸುರುಳಿ ಕೊಂಬಿನ ಕಾಡುಕುರಿ ಇವೆ. ಸಾಕಿದ ಕುರಿ, ಆಡುಗಳ ಮೂಗಿನಲ್ಲಿ ಮೈಕೋಪ್ಲಾಸ್ಮಾ ಅನ್ನುವ ಒಂದು ಜಾತಿಯ ಬ್ಯಾಕ್ಟೀರಿಯಾ ಇರಬಹುದು. ಅವಕ್ಕೆ ಅದರಿಂದ ಏನೂ ಆಗದೆಯೂ ಇರಬಹುದು. ಬಿಗ್‌ಹಾರ್ನ್‌ಗೆ ತಗುಲಿದರೆ ನ್ಯುಮೋನಿಯಾ. ಕೆಲವು ಸಲ ಹಿಂಡಿನ ಬಹುಪಾಲು ಸಾಯುತ್ತೆ, ಬದುಕಿದ ತಾಯಿಗಳ ಮರಿಗಳು ಮುಂದಿನ ಎಷ್ಟೋ ವರ್ಷ ಸಾಯುತ್ತಲೇ ಇರಬಹುದು. ಅದಕ್ಕೇ ವಯೋಮಿಂಗ್‌ನ ಶೋಶೋನ್ ಅರಣ್ಯದಲ್ಲಿ ಅವುಗಳ ಮುಖ್ಯ ನೆಲೆಗಳಿಗೆ ಹೊರೆಯ ಆಡು ತರುವಂತಿಲ್ಲ. ಕಾಡುಕುರಿಯ ಅಧ್ಯಯನದಿಂದ ಶುರುವಾದ ಕೆಲಸಕ್ಕೆ ಕಾಡುಕುರಿಯೇ ಬೇಲಿ ಹಾಕಿತು ನೋಡಿ. ಆಡಿನವರು ಇದನ್ನು ಸುಮ್ಮನೆ ಒಪ್ಪಿಲ್ಲ, ಕೋರ್ಟಿಗೂ ಹೋಗಿದ್ದಾರೆ. ತಮ್ಮ ಆಡುಗಳಿಗೆ ಪರೀಕ್ಷೆ ಮಾಡಿಸುತ್ತೇವೆ, ಬಿಟ್ಟು ಅಲೆಸುವುದಿಲ್ಲ, ಸಾವಿರಾರು ಕುರಿಯ ಮಂದೆಗೂ ನಾಲ್ಕು ಆಡಿಗೂ ಒಂದೇ ಕಾನೂನು ಯಾಕೆ ಅನ್ನುತ್ತಾರೆ. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೂ ನನ್ನ ಗೆಳತಿ ಬಿಗ್‌ಹಾರ್ನ್ ಇಲ್ಲದ ಕಡೆಯೇ ಹುಡುಕಿ ಹೋಗುತ್ತಾರೆ, ಮೂಗಿನ ಪರೀಕ್ಷೆಯನ್ನೂ ಬಿಡದೆ ಮಾಡಿಸುತ್ತಾರೆ.

ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದೊಳಗೆ. ಅಲ್ಲಿ ಬಿಗ್‌ಹಾರ್ನ್ ಇಲ್ಲ, ಸರಿ. ಕಾಟಿ ಇದೆ, ಕಡವೆ ಇದೆ. 1968ರಲ್ಲಿ ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂಡೀಪುರ, ಮುದುಮಲೈ ಕಡೆಯ ಕಾಟಿಗಳಿಗೆ ಹರಡಿ ಹಿಂಡುಗಳೇ ಖಾಲಿಯಾದವು. ಆ ರೋಗ ಈಗ ಭೂಮಿಯ ಮೇಲೇ ಇಲ್ಲ, ಆದರೆ ಅದರ ತಮ್ಮನಂಥ ಪಿಪಿಆರ್ ಅನ್ನುವ ವೈರಸ್ ರೋಗ ನಮ್ಮ ಹಳ್ಳಿಯ ಆಡುಗಳಲ್ಲಿ ಇದೆ, ಲಸಿಕೆ ಹಾಕಿಸುತ್ತಲೇ ಇದ್ದೇವೆ. ಅಭಯಾರಣ್ಯದ ಸುತ್ತ 5 ಕಿ.ಮೀ. ಒಳಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸಬೇಕು ಅಂತ ನಮ್ಮ ವನ್ಯಜೀವಿ ಕಾಯ್ದೆಯಲ್ಲೇ ಇರುವುದು ಇದೇ ಭಯಕ್ಕೆ. ಅಂಥದ್ದರಲ್ಲಿ ರೀಲ್ಸ್‌ಗೋಸ್ಕರ ಸಂತೆಯಿಂದ ನಾಲ್ಕು ಆಡು ಹಿಡಿದು ಕಾಡಿನ ಮಧ್ಯಕ್ಕೆ ನಡೆಸುವುದಾ? ಚಿರತೆಗೆ ನಾವೇ ಪಾರ್ಸೆಲ್ ಒಯ್ದು ಕೊಟ್ಟ ಹಾಗೆ, ಬ್ರೂನೋನನ್ನೂ ಸೇರಿಸಿ.

ಆಡಿನ ಜೊತೆ ನಡೆಯಲೇಬೇಕು ಅನ್ನುವವರಿಗೆ ನಮ್ಮಲ್ಲಿ ದಾರಿ ಇಲ್ಲ ಅಂತಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಕುರಿಯವರು ಊರಿಂದ ಊರಿಗೆ ಮಂದೆ ಹೊಡೆದುಕೊಂಡು ಹೋಗಿ ಹೊಲಗಳಲ್ಲಿ ತರುಬುತ್ತಾರೆ. ಮಂದೆಯಲ್ಲಿ ಆಡೂ ಇರುತ್ತವೆ, ನಾಯಿಯೂ ಇರುತ್ತೆ. ಅವರನ್ನು ಕೇಳಿ, ಕಂಬಳಿ ಹೊದ್ದು ನಾಲ್ಕು ದಿನ ಜೊತೆಗೆ ನಡೆಯಬಹುದು. ಅಕ್ಕನ ಮಗನಿಗೆ ಇದನ್ನೇ ಹೇಳಿದೆ. ‘ಅಲ್ಲಿ ವ್ಯೂ ಪಾಯಿಂಟ್ ಇರುತ್ತಾ ಮಾಮ?’ ಅಂದ.

ಕೊನೆಗೆ ಒಂದು ತಿದ್ದುಪಡಿ ಹಾಕಿ ಸಂಪಾದಕರೇ. ಫೋಟೊದಲ್ಲಿರುವುದು ಕುರಿ ಅಲ್ಲ, ಆಡು. ಮೂರರ ಬಾಲವೂ ಮೇಲಕ್ಕೆ ನಿಗುರಿದೆ. ಕುರಿಯ ಬಾಲ ಕೆಳಗೆ ಜೋಲುತ್ತೆ. ತಾತ ಇದ್ದಿದ್ದರೆ ಪೇಪರ್ ಮಡಚಿ ಇಟ್ಟುಬಿಡುತ್ತಿದ್ದರು.

ಇತಿ,
ಹಿರಿಯೂರು ಕಡೆಯ ಓದುಗ, ಸದ್ಯ ಓರೆಗಾನ್