ಕರ್ನಲ್ ಹೇಮು ಅಧಿಕಾರಿ ನೆನಪಿರಲಿ

ಮಾನ್ಯ ಸಂಪಾದಕರೇ,

1971ರಲ್ಲಿ ಇಂಗ್ಲೆಂಡ್ ನೆಲದಲ್ಲೇ ಭಾರತ ಗೆದ್ದ ಓವಲ್ ಟೆಸ್ಟ್ ಅಂದರೆ ನಮ್ಮ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತದ್ದೇ ಎಲ್ಲರ ಬಾಯಲ್ಲಿ. ಸರಿಯೇ. ಆದರೆ ಆ ತಂಡದ ಮ್ಯಾನೇಜರ್ ಲೆಫ್ಟಿನೆಂಟ್ ಕರ್ನಲ್ ಹೇಮು ಅಧಿಕಾರಿ ಹೆಸರನ್ನು ಯಾರೂ ಎತ್ತುವುದಿಲ್ಲ. ಫೀಲ್ಡಿಂಗ್, ಫಿಟ್‌ನೆಸ್ ವಿಷಯದಲ್ಲಿ ಅವರದು ಮಿಲಿಟರಿ ಶಿಸ್ತು. ಇಂಗ್ಲೆಂಡಿನ ಅಲನ್ ನಾಟ್ ಬ್ಯಾಟಿನ ಮುಂದೆಯೇ ನಮ್ಮ ಸೋಲ್ಕರ್ ಮುಂದಕ್ಕೆ ಹಾರಿ ಹಿಡಿದ ಕ್ಯಾಚು ಸುಮ್ನೆ ಬಂತಾ?

ನಾನೂ ಸೇನೆಯಲ್ಲಿದ್ದವನು. ಸೇನಾಪಡೆಗಳ ಸರ್ವಿಸಸ್ ತಂಡಕ್ಕೆ ಆಡಿದ ಅಧಿಕಾರಿಯವರು ಭಾರತದ ನಾಯಕರಾದದ್ದು ನಮಗೆಲ್ಲ ಹೆಮ್ಮೆ. 1952ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಮೇಲೆ ಕೊನೆಯ ವಿಕೆಟ್‌ಗೆ ಗುಲಾಮ್ ಅಹ್ಮದ್ ಜೊತೆ 109 ರನ್ ಸೇರಿಸಿದರು. ಅಧಿಕಾರಿಯವರದು ಔಟಾಗದೆ 81. ಕೊನೆಯ ವಿಕೆಟ್ ಜೊತೆಯಾಟದ ಆ ಭಾರತೀಯ ದಾಖಲೆ ಮುರಿಯಲು 2004ರವರೆಗೆ ಕಾಯಬೇಕಾಯಿತು! 1959ರಲ್ಲಿ ವೆಸ್ಟ್ ಇಂಡೀಸ್ ಎದುರು ಸೋತು ಸುಣ್ಣವಾಗಿದ್ದ ತಂಡಕ್ಕೆ ಆ ಸರಣಿಯ ನಾಲ್ಕನೇ ನಾಯಕರಾಗಿ ಬಂದರು. ವಯಸ್ಸು 39. 63 ಮತ್ತು 40 ಹೊಡೆದು ಪಂದ್ಯ ಡ್ರಾ ಮಾಡಿಸಿದರು. ನಾಯಕನಾಗಿ ಆಡಿದ್ದು ಅದೊಂದೇ ಟೆಸ್ಟ್. ಇದು ಅನ್ಯಾಯ ಅಲ್ವಾ?

ಜುಲೈ 31 ಅವರ ಹುಟ್ಟಿದ ದಿನ. ಅಂದು ನಿಮ್ಮ ಕ್ರೀಡಾ ಪುಟದಲ್ಲಿ ಅವರ ಫೋಟೊ ಹಾಕಿ, ನಾಲ್ಕು ಸಾಲು ಬರೆಯಿರಿ.

– ನಿವೃತ್ತ ಸುಬೇದಾರ್, ಸೋಮವಾರಪೇಟೆ