ಇಪ್ಪತ್ತೈದರ ಕಟ್ಟು: ಮಗಳಿಗೊಂದು ಪತ್ರ

ಜೆಪ್ಪು, ಮಂಗಳೂರು
ಜುಲೈ ತಿಂಗಳ ಒಂದು ಮಳೆಯ ಮಧ್ಯಾಹ್ನ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಅತ್ತಾಗ ನನಗೆ ಏನು ಹೇಳಬೇಕೆಂದು ಹೊಳೆಯಲಿಲ್ಲ. "ಪ್ರಾರ್ಥನೆ ಮಾಡು, ಎಲ್ಲ ಸರಿಹೋಗುತ್ತದೆ" ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ನನಗೇ ನಾಚಿಕೆಯಾಯಿತು. ಅಳುವವರ ಬಾಯಿ ಮುಚ್ಚಿಸಲು ನಮ್ಮವರು ಹೇಳುವ ಮಾತು ಅದು. ಇವತ್ತು ಬೆಳಗ್ಗಿನಿಂದ ಕರೆಂಟಿಲ್ಲ, ಮಳೆ ಬಿಡುತ್ತಿಲ್ಲ, ನಾಳೆಯ ದೋಸೆಗೆ ಅಕ್ಕಿ ನೆನೆಹಾಕಿ ಆಯಿತು. ಕಿಟಕಿಯ ಬಳಿ ಕೂತು ಬರೆಯುತ್ತಿದ್ದೇನೆ.

ಜನವರಿಯಲ್ಲಿ ನೀನು ಕಳಿಸಿದ್ದ ಪಟ್ಟಿಯನ್ನು ಮೊಬೈಲಿನಲ್ಲಿ ಹುಡುಕಿ ಮತ್ತೆ ಓದಿದೆ. ಹನ್ನೆರಡು ಗುರಿಗಳು. ವರ್ಷದೊಳಗೆ ಬೈಬಲ್, ನಮ್ಮ ಸತ್ಯವೇದ, ಪೂರ್ತಿ. ಇಪ್ಪತ್ತನಾಲ್ಕು ಪುಸ್ತಕ. ಬೆಳಗ್ಗೆ ಐದಕ್ಕೆ ಏಳುವುದು, ಅದೂ ಮೂರು ತಿಂಗಳ ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು! ಚರ್ಚಿನ ಸಭೆಯಲ್ಲಿ ತಾಯಂದಿರ ಗುಂಪು ಕಟ್ಟುವುದು. ಗುರಿ ಇಟ್ಟುಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಬುರುಜು ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಡವೇ ಎಂದು ಕರ್ತನೇ ಕೇಳಿದ್ದಾನೆ, ಲೂಕನ 14ನೇ ಅಧ್ಯಾಯದಲ್ಲಿ. ನಿನ್ನ ಪಟ್ಟಿಯಲ್ಲಿ ಬುರುಜುಗಳು ಹನ್ನೆರಡಿವೆ, ಲೆಕ್ಕ ಒಂದೂ ಇಲ್ಲ.

"ಅರ್ಧ ವರ್ಷ ಹೋಯಿತು, ನಾನಿನ್ನೂ ಯಾಜಕಕಾಂಡದಲ್ಲೇ ನಿಂತಿದ್ದೇನೆ ಅಮ್ಮ" ಎಂದೆಯಲ್ಲ, ಆ ಅಳುವಿನ ನಡುವೆಯೂ ನನಗೆ ನಗು ಬಂದಿತ್ತು. ಮೂರನೆಯ ಪುಸ್ತಕವಾದ ಯಾಜಕಕಾಂಡದಲ್ಲೇ ನಿಲ್ಲುವುದು ನಮ್ಮ ಮನೆಗೆ ವಂಶಪಾರಂಪರ್ಯವಾಗಿ ಬಂದ ರೋಗ. ಸತ್ಯವೇದದಲ್ಲಿ ಒಟ್ಟು 1189 ಅಧ್ಯಾಯಗಳಿವೆ. ದಿನಕ್ಕೆ ಮೂರು, ಭಾನುವಾರ ಐದು ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಮದುವೆಯಾದ ಹೊಸತರಲ್ಲಿ ನಾನೂ ಈ ಲೆಕ್ಕ ಹಿಡಿದು ನಾಲ್ಕು ವರ್ಷ ಸಾಲಾಗಿ ಹೊಸ ವರ್ಷದ ಆರಾಧನೆ ಮುಗಿಸಿಕೊಂಡು ಬಂದು ಆದಿಕಾಂಡ ತೆರೆದೆ. ಜನವರಿ ಕೊನೆಗೆ ಸರಿಯಾಗಿ ಯಾಜಕಕಾಂಡ ಬರುತ್ತದೆ. ಹೋಮ, ಕೊಬ್ಬು, ಮೂತ್ರಪಿಂಡ, ಕುಷ್ಠ. ನಾಲ್ಕು ದಿನ ಬಿಟ್ಟರೆ ಹನ್ನೆರಡು ಅಧ್ಯಾಯ ಬಾಕಿ. ಬಾಕಿ ಬೆಳೆದ ಮೇಲೆ ಪುಸ್ತಕವನ್ನು ಕಂಡರೆ ಸಾಲ ಕೊಟ್ಟವನನ್ನು ಕಂಡ ಹಾಗೆ. ಕಪಾಟಿನ ಬಾಗಿಲು ಮುಚ್ಚಿಟ್ಟು ಓಡಾಡುತ್ತಿದ್ದೆ.

ನಾನು ಸತ್ಯವೇದವನ್ನು ಪೂರ್ತಿ ಓದಿದ್ದು 1994ರ ಜನವರಿಯಿಂದ 2001ರ ತನಕ. ಏಳು ವರ್ಷ. ಅದೂ ನನಗಾಗಿ ಓದಿದ್ದಲ್ಲ.

ಆಗ ನಿನಗೆ ಒಂದು ವರ್ಷ. ನಿನ್ನ ಅಜ್ಜಿಗೆ ಎರಡೂ ಕಣ್ಣಿನಲ್ಲಿ ಪೊರೆ ಬಂದಿತ್ತು, ಆಪರೇಷನ್ನಿಗೆ ಒಪ್ಪುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಇಲ್ಲೇ ಹೆಂಚಿನ ಕಾರ್ಖಾನೆಯಲ್ಲಿ ಹೆಂಚು ಹೊತ್ತವರು ಅವರು. 1865ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಗಳು ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆ ಅದು. ಅಜ್ಜಿಯ ಕಾಲಕ್ಕೆ ಅದು ಬೇರೆ ಕೈ ಸೇರಿತ್ತು. ಅಕ್ಷರ ಕಲಿತದ್ದು ಭಾನುವಾರ ಶಾಲೆಯಲ್ಲಿ. ಹಿಡಿಸೂಡಿಯ ಒಂದು ಕಡ್ಡಿಯನ್ನು ಸಾಲಿನ ಕೆಳಗಿಟ್ಟು, ಅದನ್ನು ಮೆಲ್ಲಗೆ ಜರುಗಿಸುತ್ತ, ತುಟಿ ಅಲ್ಲಾಡಿಸಿಕೊಂಡು ಓದುತ್ತಿದ್ದರು. ಕಣ್ಣು ಮಂಜಾದ ಮೇಲೂ ಕಡ್ಡಿಯನ್ನು ಬಿಡಲಿಲ್ಲ. ಬರಿಯ ಕಡ್ಡಿ ಜರುಗುತ್ತಿತ್ತು, ಬಾಯಿ ಸುಮ್ಮನಿತ್ತು. ಅದನ್ನು ನೋಡಲಾರದೆ ಒಂದು ಸಂಜೆ ನಾನು ಪುಸ್ತಕ ಕಸಿದುಕೊಂಡು ಗಟ್ಟಿಯಾಗಿ ಓದಲು ಕೂತೆ. ಅಷ್ಟೇ ನಡೆದದ್ದು. ಅದಕ್ಕೆ ಯೋಜನೆಯೂ ಇರಲಿಲ್ಲ, ಹೆಸರೂ ಇರಲಿಲ್ಲ.

ಆಗ ನಮ್ಮ ಓಣಿಯ ಹೆಂಗಸರೆಲ್ಲ ಬೀಡಿ ಕಟ್ಟುವವರು. ನಾನೂ ಕಟ್ಟುತ್ತಿದ್ದೆ, ಅಜ್ಜಿಯೂ ಕಣ್ಣು ಕಾಣದೆಯೂ ಬೆರಳಿನ ಅಂದಾಜಿನಲ್ಲೇ ಕಟ್ಟುತ್ತಿದ್ದರು. ಮಡಿಲಲ್ಲಿ ತಡ್ಪೆ ಎಂಬ ಮೊರ, ಆ ತಡ್ಪೆಯಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲಿನ ಉಂಡೆ. ಬೀಡಿ ಕಟ್ಟುವವರ ಕೈಗೆ ಬಿಡುವಿಲ್ಲ, ಕಿವಿಗೆ ಬೇಕಾದಷ್ಟು ಬಿಡುವು. ನಾನು ಜಗಲಿಯಲ್ಲಿ ಕೂತು ಓದುವುದು ಕೇಳಿಸಿದ್ದೇ ಪಕ್ಕದ ಮನೆಯ ಕೊಂಕಣಿ ಬಾಯಿ ತಡ್ಪೆ ಎತ್ತಿಕೊಂಡು ಬಂದರು. ಅವರ ಹಿಂದೆ ಎದುರು ಮನೆಯ ಬ್ಯಾರಿ ಮುಸ್ಲಿಂ ಹೆಂಗಸು. ವಾರದ ಮೇಲೆ ತುಳು ಮಾತಾಡುವ ಇನ್ನಿಬ್ಬರು. ಓದುವುದು ಕನ್ನಡದಲ್ಲಿ, ಮಾತು ತುಳುವಿನಲ್ಲಿ, ಬೈಗುಳ ಅವರವರ ಭಾಷೆಯಲ್ಲಿ. ನಾನು ಓದುತ್ತಿದ್ದಾಗ ನನ್ನ ಪಾಲಿನ ಬೀಡಿಯನ್ನು ಅವರು ಐದೈದು, ಹತ್ತು ಹತ್ತು ಎಂದು ಕಟ್ಟಿ ನನ್ನ ತಡ್ಪೆಗೆ ಹಾಕುತ್ತಿದ್ದರು. ಮಗಳೇ, ಓದಿದ್ದಕ್ಕೆ ನನಗೆ ಯಾರಾದರೂ ಸಂಬಳ ಕೊಟ್ಟಿದ್ದರೆ ಅದು ಅಷ್ಟೇ.

ಯೋಸೇಫನ ಕತೆ ಬಂದಾಗ ಬ್ಯಾರಿ ಹೆಂಗಸಿನ ಕೈ ನಿಂತಿತು. "ಇದು ನಮ್ಮ ಯೂಸುಫ್ ನಬಿಯ ಕತೆ!" ಎಂದಳು. ಅಣ್ಣಂದಿರು ಬಾವಿಗೆ ಹಾಕಿದ್ದು, ಅಂಗಿಗೆ ರಕ್ತ ಹಚ್ಚಿ ಅಪ್ಪನಿಗೆ ತೋರಿಸಿದ್ದು, ಎಲ್ಲ ಅವಳಿಗೆ ಗೊತ್ತು. ಆದರೆ ಅವಳ ಕತೆಯಲ್ಲಿ ಅಣ್ಣಂದಿರು "ತೋಳ ತಿಂದಿತು" ಎನ್ನುತ್ತಾರೆ. ನಮ್ಮದರಲ್ಲಿ ಯಾವುದೋ ಕಾಡುಮೃಗ. ತೋಳವೋ ಅಲ್ಲವೋ ಎಂದು ಎರಡು ದಿನ ವಾದವಾಯಿತು. ಕೊನೆಗೆ ಅಜ್ಜಿ, "ಯಾವ ಮೃಗವೂ ತಿಂದೇ ಇಲ್ಲ, ಹುಡುಗ ಬದುಕಿದ್ದಾನೆ. ಮುಂದೆ ಓದು" ಎಂದರು.

ಇನ್ನು ಯಾಜಕಕಾಂಡ. ಅದು ಬರುವಾಗ ಜೂನ್ ಕಳೆದಿತ್ತು, ಹೊರಗೆ ಇವತ್ತಿನಂಥದೇ ಮಳೆ. ಇವರನ್ನು ಹೇಗೆ ದಾಟಿಸಲಿ ಎಂದು ನನಗೆ ಒಳಗೊಳಗೇ ಹೆದರಿಕೆ. 14ನೇ ಅಧ್ಯಾಯಕ್ಕೆ ಬಂದೆವು. ಮನೆಯ ಗೋಡೆಯಲ್ಲಿ ಹಸುರಾಗಿಯೋ ಕೆಂಪಾಗಿಯೋ ಕಲೆ ಕಂಡರೆ ಯಾಜಕನಿಗೆ ತಿಳಿಸಬೇಕು, ಅವನು ಬಂದು ನೋಡಿ ಏಳು ದಿನ ಮನೆ ಮುಚ್ಚಿಸಬೇಕು, ಆಮೇಲೂ ಹಬ್ಬಿದ್ದರೆ ಗೋಡೆ ಕೆರೆಸಬೇಕು. ನಾನು ಓದುತ್ತಿದ್ದ ಹಾಗೆ ಒಬ್ಬೊಬ್ಬರೇ ತಲೆಯೆತ್ತಿ ನಮ್ಮ ಜಗಲಿಯ ಗೋಡೆಯನ್ನು ನೋಡಿದರು. ಬೂಸರು ಹಿಡಿದು ಹಸುರಾಗಿತ್ತು! ಕೊಂಕಣಿ ಬಾಯಿ, "ಹಾಗಾದರೆ ಜೂನಿನಿಂದ ಸೆಪ್ಟೆಂಬರ್ ತನಕ ಇಡೀ ಮಂಗಳೂರಿಗೆ ಬೀಗ" ಎಂದದ್ದೇ, ತಡ್ಪೆಗಳು ಕುಲುಕಿ ಎಲೆಗಳೆಲ್ಲ ನೆಲಕ್ಕೆ. ಆಮೇಲೆ ಯಾರೋ ಗಂಭೀರವಾಗಿ ಕೇಳಿದರು: ಗೋಡೆ ಕೆರೆಸುವ ಖರ್ಚು ಯಾರದು, ಯಾಜಕನದೋ ಮನೆಯವರದೋ? ಒಬ್ಬಳೇ ಓದುತ್ತಿದ್ದಾಗ ನಾಲ್ಕು ವರ್ಷ ದಾಟಲಾಗದ ಪುಸ್ತಕವದು. ಐವರು ಸೇರಿದಾಗ ಮುಗಿದದ್ದೇ ಗೊತ್ತಾಗಲಿಲ್ಲ.

ಸಭೆಯ ಹಿರಿಯರೊಬ್ಬರಿಗೆ ಇದು ಸರಿಬರಲಿಲ್ಲ. ಹೊಗೆಸೊಪ್ಪಿನ ನಡುವೆ ದೇವರ ವಾಕ್ಯವನ್ನು ಬಿಚ್ಚಬಹುದೇ ಎಂದು ಆಕ್ಷೇಪ. "ಬಲೆ ಹೊಲಿಯುತ್ತ ಕೂತವರನ್ನೂ ಸುಂಕದ ಕಟ್ಟೆಯಲ್ಲಿ ಕೂತವನನ್ನೂ ಕರೆದವನಿಗೆ ನಮ್ಮ ತಡ್ಪೆ ಅಡ್ಡ ಬರುತ್ತದೆಯೇ?" ಎಂದು ಅಜ್ಜಿ ಕೇಳಿದರು. ಆದರೂ ಬೀಡಿ ಒಳ್ಳೆಯ ಕೆಲಸವೆಂದು ನಾನು ಹೇಳಲಾರೆ. ಆ ಧೂಳು ನನ್ನ ಎದೆಯಲ್ಲಿ ಇವತ್ತಿಗೂ ಇದೆ, ನಿನ್ನನ್ನು ಅದರ ಬಳಿ ಸುಳಿಯಗೊಡಲಿಲ್ಲ. ಆದರೆ ಗುರಿಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅಲ್ಲೇ ಕಲಿತದ್ದು. ಸಾವಿರ ಬೀಡಿ ಎಂದರೆ ಇಪ್ಪತ್ತೈದರ ನಲವತ್ತು ಕಟ್ಟು. ಕಟ್ಟಲು ಕೂತವರ ಬಾಯಲ್ಲಿ "ಸಾವಿರ" ಎಂಬ ಮಾತು ಬರುವುದಿಲ್ಲ. "ಈ ಕಟ್ಟು ಮುಗಿಸಿ ನೀರು ಕುಡಿಯುತ್ತೇನೆ", "ಈ ಕಟ್ಟು ಮುಗಿಸಿ ಮಗುವನ್ನು ಎತ್ತಿಕೊಳ್ಳುತ್ತೇನೆ" ಎನ್ನುತ್ತಾರೆ. ನಾನು ಏಳುವುದು ತಡವಾದರೆ ಪಕ್ಕದವಳು ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ಹಾಗೆ ಎಷ್ಟು ಮಡಿಲು ನೋಡಿದ್ದೀಯೋ ನೀನು!

ಅಜ್ಜಿ 1998ರ ಮಳೆಗಾಲದಲ್ಲಿ ತೀರಿಕೊಂಡರು. ಆಗ ಯೆಶಾಯನ ಪುಸ್ತಕದ ನಡುವೆ ಇದ್ದೆವು. ಮಣ್ಣು ಮಾಡಿ ಬಂದ ಮರುವಾರ ನಾನು ಓದಲು ಹೋಗಲಿಲ್ಲ, ಬಾಗಿಲು ಹಾಕಿಕೊಂಡು ಕೂತಿದ್ದೆ. ಸಂಜೆ ನಾಲ್ಕಕ್ಕೆ ಜಗಲಿಯಲ್ಲಿ ತಡ್ಪೆ ಇಟ್ಟ ಸದ್ದು. ಬಾಗಿಲು ತೆರೆದರೆ ಬ್ಯಾರಿ ಹೆಂಗಸು. "ಎಲ್ಲಿಗೆ ನಿಲ್ಲಿಸಿದ್ದು ನೆನಪಿದೆಯಾ?" ಎಂದಳು. ನನಗೆ ನೆನಪಿರಲಿಲ್ಲ. ಅವಳಿಗಿತ್ತು.

ಪಂಡಿತಾ ರಮಾಬಾಯಿಯವರ ಹೆಸರನ್ನು ನೀನು ಪಟ್ಟಿಯ ತಲೆಯಲ್ಲೇ ಬರೆದುಕೊಂಡಿದ್ದೀಯ. ಬರೆದುಕೋ, ನಮ್ಮ ಘಟ್ಟದವರೇ. 1858ರಲ್ಲಿ ಹುಟ್ಟಿದ್ದು ಕಾರ್ಕಳದ ಮೇಲಿನ ಕಾಡಿನಲ್ಲಿ, ಗಂಗಾಮೂಲದಲ್ಲಿ. ಆದರೆ ಅವರನ್ನು ಒಬ್ಬಂಟಿ ಸಾಹಸಿಯಂತೆ ನೋಡಬೇಡ. ಅವರ ತಂದೆ ಅನಂತ ಶಾಸ್ತ್ರಿಗಳು ಹೆಂಗಸರು ಓದಬಾರದೆಂಬ ಕಾಲದಲ್ಲಿ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಆ ತಾಯಿ ಮಗಳಿಗೆ ಕಲಿಸಿದರು. ಊರೂರು ತೀರ್ಥಯಾತ್ರೆಯ ಅಲೆದಾಟ, ಹಗಲೆಲ್ಲ ಮನೆಯ ಚಾಕರಿ. ಹಾಗಾಗಿ ಬೆಳಗಾಗುವ ಮೊದಲೇ ಮಗಳನ್ನು ಎಬ್ಬಿಸಿ ಪಾಠ. ಮುಂದೆ ಕ್ರೈಸ್ತಳಾದ ಅದೇ ಮಗಳು ಪುಣೆಯ ಬಳಿ ಕೇಡಗಾಂವಿನಲ್ಲಿ ಹೀಬ್ರೂ, ಗ್ರೀಕ್ ಇಟ್ಟುಕೊಂಡು ಸತ್ಯವೇದವನ್ನು ಮರಾಠಿಗೆ ತಂದರು. ಆ ಕೆಲಸ ಮುಗಿಯುವುದಕ್ಕೂ 1922ರಲ್ಲಿ ಅವರ ಉಸಿರು ಮುಗಿಯುವುದಕ್ಕೂ ಸರಿಹೋಯಿತು. ಅಚ್ಚಿನ ಮೊಳೆ ಜೋಡಿಸಿದವರು ಅವರು ಕಟ್ಟಿದ ಆಶ್ರಯಧಾಮವಾದ ಮುಕ್ತಿ ಸದನದ ಹೆಂಗಸರೇ. ಅಕ್ಷರ ಗೊತ್ತಿಲ್ಲದೆ ಬಂದವರು ಅವರಲ್ಲಿ ಎಷ್ಟೋ ಮಂದಿ. ನಾನು ಮೆಚ್ಚುವುದು ಆ ಮೊಳೆ ಜೋಡಿಸಿದ ಕೈಗಳನ್ನು.

ಗುಂಪು ಕಟ್ಟುವ ವಿಷಯದಲ್ಲಿ ನನ್ನ ಒಂದು ಸೋಲನ್ನೂ ನಿನಗೆ ಹೇಳಬೇಕು, ಇಲ್ಲದಿದ್ದರೆ ಈ ಅಮ್ಮ ತನ್ನ ಹೆಚ್ಚುಗಾರಿಕೆಯನ್ನಷ್ಟೇ ಬರೆದಳು ಎಂದುಕೊಳ್ಳುತ್ತೀಯ. ಜಗಲಿಯ ಓದು ಮುಗಿದ ಮೇಲೆ ಹೆಂಗಸರ ಕೂಟವೊಂದಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ನನಗೆ ತಲೆ ತಿರುಗಿತು. ಐವತ್ತೆರಡು ವಾರದ ಕಾರ್ಯಕ್ರಮವನ್ನು ಟೈಪ್ ಮಾಡಿಸಿ ಹಂಚಿದೆ. ಹಾಜರಿ ಪುಸ್ತಕ ಇಟ್ಟೆ. ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಶಾಯಿ. ಮೊದಲ ವಾರ ಮೂವತ್ತೊಂದು ಮಂದಿ, ಈಸ್ಟರ್ ಹೊತ್ತಿಗೆ ಹನ್ನೊಂದು, ಆಗಸ್ಟಿನಲ್ಲಿ ಮೂವರು, ಅವರಲ್ಲಿ ಒಬ್ಬಳು ನಾನು. ಬಿಟ್ಟುಹೋದವಳೊಬ್ಬಳನ್ನು ಮೀನು ಮಾರುಕಟ್ಟೆಯಲ್ಲಿ ಹಿಡಿದು ಯಾಕೆಂದು ಕೇಳಿದರೆ, "ನೀವು ಪುಸ್ತಕ ನೋಡುತ್ತೀರಿ ಟೀಚರ್, ನಮ್ಮನ್ನು ನೋಡುವುದಿಲ್ಲ" ಎಂದಳು. ನಾನು ಟೀಚರೇ ಅಲ್ಲ. ಆ "ಟೀಚರ್" ಎಷ್ಟು ಚುಚ್ಚಿತೆಂದರೆ ಬಂಗುಡೆಯನ್ನು ಚೌಕಾಸಿ ಮಾಡದೆ ಕೊಂಡು ಬಂದೆ.

ಬೆಂಗಳೂರಿನ ನಿನ್ನ ಸಭೆಯಲ್ಲಿ ಆರಾಧನೆ ಮುಗಿದ ಕಾಲು ಗಂಟೆಯಲ್ಲಿ ಎಲ್ಲರೂ ಕಾರು ಹತ್ತಿ ಹೋಗುತ್ತಾರೆ, ಯಾರ ಹೆಸರೂ ಗೊತ್ತಿಲ್ಲ ಎಂದೆ. ಸರಿ. ಅವರನ್ನು ಬಿಡು ಈಗ. ಮೂರನೆಯ ಮಹಡಿಯಲ್ಲಿ ಒಬ್ಬಳಿದ್ದಾಳೆ, ಲಸಿಕೆಯ ದಿನ ಆಸ್ಪತ್ರೆಯಲ್ಲಿ ಸಿಕ್ಕಿದ್ದಳು, ಅವಳ ಮಗುವೂ ಇದೇ ವಯಸ್ಸಿನದು ಎಂದು ನೀನೇ ಹೇಳಿದ್ದೆ. ಅವಳು ಯಾವ ಜಾತಿ, ಯಾವ ದೇವರು, ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ನಿನ್ನ ಮನೆಗೆಲಸದವಳ ಮಗಳು ಆರನೆಯ ತರಗತಿಗೆ ಬಂದರೂ ಕನ್ನಡ ಓದಲು ತಡವರಿಸುತ್ತಾಳಂತೆ. ಗುಂಪು ಎಂಬ ಹೆಸರನ್ನೇ ಎತ್ತಬೇಡ. ಚಹಾಕ್ಕೆ ನೀರಿಡುವಾಗ ಇನ್ನೊಂದು ಲೋಟ ಜಾಸ್ತಿ ಇಡು. ಏನಾದರೂ ಓದು, ಮಗುವಿನ ಚಿತ್ರಪುಸ್ತಕವಾದರೂ ಆದೀತು. ಬಂದವಳ ಮಗು ಅತ್ತರೆ ಎತ್ತಿಕೋ.

ಅಳಿಯಂದಿರಿಗೂ ಒಂದು ಮಾತು ಹೇಳು: ವಾರಕ್ಕೆ ಎರಡು ಸಂಜೆ ಮಗುವನ್ನು ಅವರು ನೋಡಿಕೊಳ್ಳಲಿ. ಜ್ಞಾನೋಕ್ತಿಯ ಕೊನೆಯ ಅಧ್ಯಾಯದ ಆ ಗುಣವತಿ ಹೊಲ ಕೊಂಡಳು, ದ್ರಾಕ್ಷಿ ನೆಟ್ಟಳು, ರಾತ್ರಿಯೆಲ್ಲ ದೀಪ ಆರಿಸಲಿಲ್ಲ. ಆದರೆ ಆಕೆಗೆ ಕೆಲಸದ ಹುಡುಗಿಯರಿದ್ದರು ಎಂದೂ ಅದೇ ಅಧ್ಯಾಯದಲ್ಲಿ ಬರೆದಿದೆ. ಪ್ರಸಂಗ ಮಾಡುವವರು ಆ ಸಾಲನ್ನು ಹಾರಿಸಿಬಿಡುತ್ತಾರೆ.

ಭಾನುವಾರ ರಾತ್ರಿಯ ಬಸ್ಸಿಗೆ ಚಿಕ್ಕಮ್ಮನ ಮಗ ಬರುತ್ತಾನೆ. ಅವನ ಕೈಯಲ್ಲಿ ಹಲಸಿನ ಹಪ್ಪಳ, ಮಗುವಿಗೆ ರಾಗಿ ಹಿಟ್ಟು, ಅಜ್ಜಿಯ ಸತ್ಯವೇದ ಕಳಿಸುತ್ತಿದ್ದೇನೆ. ಅರಸುಗಳ ಪುಟಗಳ ನಡುವೆ ಹೊಗೆಸೊಪ್ಪಿನ ಪುಡಿ ಇನ್ನೂ ಇದೆ, ಮಗುವಿನ ಕೈಗೆ ಕೊಡಬೇಡ. ಕಡ್ಡಿಯೂ ಅದರೊಳಗೇ ಇದೆ.

ಯಾಜಕಕಾಂಡ ಅಲ್ಲೇ ಇರಲಿ. ಬುಧವಾರ ರಾತ್ರಿ ಒಂಬತ್ತಕ್ಕೆ ನಾನು ಫೋನ್ ಮಾಡುತ್ತೇನೆ, ರೂತಳ ಪುಸ್ತಕದಿಂದ ಶುರುಮಾಡೋಣ. ನಾಲ್ಕೇ ಅಧ್ಯಾಯ, ಬುಧವಾರಕ್ಕೊಂದು. ಈಚೆಗೆ ನನಗೂ ಸಣ್ಣ ಅಕ್ಷರ ಸರಿಯಾಗಿ ಕಾಣುತ್ತಿಲ್ಲ, ಆದ್ದರಿಂದ ಓದುವವಳು ನೀನು. ನಡುವೆ ಮಗು ಎದ್ದರೆ ಫೋನ್ ಇಡಬೇಡ, ಅದು ಮಲಗುವ ತನಕ ನಾನು ಕಾಯುತ್ತೇನೆ.

ನಿನ್ನ
ಅಮ್ಮ