ಐದು ಸೂಟ್‌ಕೇಸಿನ ಸರ್ಕಸ್

ಚಿ. ಮೇಘಾಳಿಗೆ ಸೋದರಮಾವನ ಆಶೀರ್ವಾದಗಳು.

ಎಂಜಿನಿಯರಿಂಗ್ ಓದಿದ ಹುಡುಗಿ ರಾತ್ರಿಯೆಲ್ಲ ತಂತಿ ಬಗ್ಗಿಸುತ್ತಾ ಕೂರುತ್ತಾಳೆ ಎಂದು ನಿನ್ನಮ್ಮ ಫೋನಿನಲ್ಲಿ ಗೊಣಗಿದಳು. ಅದು ಬಿಡು. ನನಗೆ ಬೇಸರವಾಗಿದ್ದು ನಿನ್ನ ಮಾತಿಗೆ: "ಸ್ಟುಡಿಯೋ ಮಾಡಿದ ಮೇಲೆ ತೋರಿಸ್ತೀನಿ ಮಾವ."

ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಗೊತ್ತಲ್ವಾ? ಅವನೂ ನಿನ್ನ ಹಾಗೆ ಮೆಕ್ಯಾನಿಕಲ್ ಓದಿದವನು, 1919ರಲ್ಲಿ ಪಾಸಾದ. 1925ರಲ್ಲಿ ಒಂದು ಪತ್ರಿಕೆಗೆ ಚಿತ್ರ ಬರೆಯಲು ಎರಡು ವಾರ ಅಮೆರಿಕದ ರಿಂಗ್ಲಿಂಗ್ ಸರ್ಕಸ್ಸಿಗೆ ಎಡತಾಕಿದ. ಮರುವರ್ಷ ಪ್ಯಾರಿಸ್ಸಿಗೆ ಹೋಗಿ ತನ್ನದೇ ಸರ್ಕಸ್ ಕಟ್ಟತೊಡಗಿದ. ಡೇರೆ ಇಲ್ಲ. ತಂತಿ, ಬಿರಡೆ, ಬಟ್ಟೆ ಚೂರು, ಗುಂಡಿ, ದಾರ ಅಷ್ಟೇ. ಮೊದಲು ಎರಡು ಸೂಟ್‌ಕೇಸಿನಲ್ಲಿ ಹಿಡಿಸುತ್ತಿತ್ತು, ಆಮೇಲೆ ಐದಾಯಿತು.

ಆಟ ನಡೆಯುತ್ತಿದ್ದದ್ದು ಕೋಣೆಯ ನೆಲದ ಮೇಲೆ. ಬಂದವರು ಸಿಕ್ಕ ಕಡೆ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಇವನು ಮಂಡಿಯೂರಿ ಬೊಂಬೆ ಆಡಿಸುತ್ತಾ, ತಾನೇ ಕೂಗಿ ಹೇಳುತ್ತಿದ್ದ. ಸಿಂಹದ ಗರ್ಜನೆಯೂ ಅವನದ್ದೇ! ಉಯ್ಯಾಲೆಯಿಂದ ಜಿಗಿದ ತಂತಿಯ ಹುಡುಗಿ ಇನ್ನೊಬ್ಬನ ಕೈಗೆ ಸಿಕ್ಕರೆ ಸಿಕ್ಕಳು, ಇಲ್ಲದಿದ್ದರೆ ಬಲೆಗೆ. ಈಟಿ ಎಸೆಯುವ ಆಟದಲ್ಲಿ ಈಟಿ ತಗುಲಿದವಳನ್ನು ಹೊತ್ತೊಯ್ಯಲು ಸ್ಟ್ರೆಚರ್ ಹಿಡಿದ ಬೊಂಬೆಗಳೂ ಇದ್ದವು. ಗುರಿ ತಪ್ಪುವುದನ್ನೂ ಆಟದಲ್ಲೇ ಸೇರಿಸಿಕೊಂಡಿದ್ದ ನೋಡು. ನೀನು ಒಂದು ಕೊಕ್ಕೆ ಸರಿಯಾಗಲಿಲ್ಲ ಎಂದು ಆರು ತಿಂಗಳಿಂದ ಬಾಗಿಲು ಹಾಕಿಕೊಂಡಿದ್ದೀಯಲ್ಲ!

ಆ ನೆಲದ ಆಟ ನೋಡಿದವರಲ್ಲಿ ಹೆಸರಾಂತ ಕಲಾವಿದರಾದ ಮಿರೊ, ದ್ಯುಶಾಂ, ಮೊಂಡ್ರಿಯಾನ್ ಇದ್ದರು. 1930ರಲ್ಲಿ ಕಾಲ್ಡರ್ ಮೊಂಡ್ರಿಯಾನನ ಸ್ಟುಡಿಯೋಗೆ ಹೋದಾಗ, ಗೋಡೆಯ ಬಣ್ಣದ ಚೌಕಗಳು ಅಲ್ಲಾಡಿದರೆ ಚೆಂದ ಎಂದನಂತೆ. ಮೊಂಡ್ರಿಯಾನ್ ಬೇಡವೆಂದ. ಇವನೇ ಅಲ್ಲಾಡುವ ಶಿಲ್ಪ ಮಾಡಿದ. ದ್ಯುಶಾಂ ಅದಕ್ಕೆ 'ಮೊಬೈಲ್' ಎಂದು ಹೆಸರಿಟ್ಟ (ನಿನ್ನ ಕೈಯಲ್ಲಿರುವುದಲ್ಲ). ಸರ್ಕಸ್ ಈಗ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನದು. ಅಲ್ಲಾಡದೆ ನಿಂತ ಸರ್ಕಸ್ ಎಂಥ ಸರ್ಕಸ್ ಅನ್ನಿಸುತ್ತದೆ ನನಗೆ.

ಕೆಲಸ ಬಿಡಬೇಡ, ಸ್ಟುಡಿಯೋಗೆ ಸಾಲವನ್ನೂ ಮಾಡಬೇಡ. ಹಾಲ್‌ನಲ್ಲಿ ಸೋಫಾ ಸರಿಸು. ಅಕ್ಕಪಕ್ಕದ ನಾಲ್ಕು ಜನರನ್ನು ಕರಿ. ಅಮ್ಮನಿಗೆ ಡೋಲು ಕೊಡು, ಗೊಣಗಲು ಪುರುಸೊತ್ತಿರುವುದಿಲ್ಲ.

ಮುಂದಿನ ಭಾನುವಾರ ಬರುತ್ತೇನೆ. ಕಡಲೆಕಾಯಿ ನನ್ನದು. ಮಂಡಿ ನೋವು, ನೆಲದ ಮೇಲೆ ಕೂರಲಾಗುವುದಿಲ್ಲ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿರು.

ಇಂತಿ,
ನಿನ್ನ ಮಾವ